ಬೀಳಿಸೋದು ನಾನು, ಪುಟಿಯೋದು ಅದು

ಉಕ್ಕಿನ ಗುಂಡನ್ನು ಬೀಳಿಸಿ, ಅದು ಎಷ್ಟು ಪುಟಿಯುತ್ತದೆ, ಬಿದ್ದಾಗ ಎಷ್ಟು ಶಕ್ತಿ ಕಳೆದುಕೊಳ್ಳುತ್ತದೆ ಎಂದು ಲೆಕ್ಕ ಹಾಕುವುದು ನನ್ನ ಸಂಶೋಧನೆ. ವಡೋದರಾಕ್ಕೆ ಬಂದಾಗಿನಿಂದ "ಇದೂ ಒಂದು ಕೆಲಸವಾ?" ಎಂದು ಕೇಳುವವರು ಒಬ್ಬರಲ್ಲ ಒಬ್ಬರು ಎದುರಾಗುತ್ತಲೇ ಇದ್ದಾರೆ. ನಾನೂ ಬೀಳಿಸುತ್ತಲೇ ಇದ್ದೇನೆ.

ಮಾಸಿಯ ಉತ್ತರ

ಇಲ್ಲಿನ ಫತೇಗಂಜ್‌ನಲ್ಲಿ ನನ್ನ ಬಾಡಿಗೆ ಕೋಣೆಯ ಕೆಳಗೇ ಮನೆಯೊಡತಿಯ ಮನೆ; ಅವರನ್ನು ನಾನು ಮಾಸಿ, ಅಂದರೆ ಚಿಕ್ಕಮ್ಮ, ಎನ್ನುತ್ತೇನೆ. ಲ್ಯಾಬಿಗೆ ಬೀಗ ಹಾಕಿದ್ದ ಒಂದು ಭಾನುವಾರ ಮಧ್ಯಾಹ್ನ, ಕೋಣೆಯಲ್ಲೇ ಕಲ್ಲಿನ ಹಲಗೆಯ ಮೇಲೆ ಗುಂಡು ಬಿಡುತ್ತಿದ್ದೆ. ಮಾಸಿ ತಲೆಗೆ ಬಟ್ಟೆ ಬಿಗಿದುಕೊಂಡು ಮೇಲೆ ಬಂದರು.

"ಈ ಟಕ್ ಟಕ್ ನಿಲ್ಲಿಸು, ಇಲ್ಲ ಕೋಣೆ ಖಾಲಿ ಮಾಡು."

"ಎರಡೂ ಮಾಡಲ್ಲ ಮಾಸಿ. ಇದು ನನ್ನ ಥೀಸಿಸ್."

ಮಾಸಿ ಗುಂಡನ್ನು ಕಸಿದುಕೊಂಡು ನನ್ನ ಹಾಸಿಗೆಯ ಮೇಲೆ ಬಿಟ್ಟರು. ಅದು ಪೊತ್ತೆಂದು ಕೂತಿತು.

"ಎಷ್ಟು ಪುಟೀತು?"

"ಪುಟೀಲೇ ಇಲ್ಲ."

"ಸೊನ್ನೆ ಅಂತ ಬರ್ಕೋ. ಥೀಸಿಸ್ ಮುಗೀತು, ನಾನು ಮಲಗ್ತೀನಿ."

ದೊಡ್ಡ ಸರ್

ಅಹಮದಾಬಾದಿನ ನರೋಡಾದ ಒಂದು ಕಾರ್ಖಾನೆಯಲ್ಲಿ ಯಂತ್ರದಿಂದ ಬೀಳುವ ಉಕ್ಕಿನ ಗುಂಡುಗಳು ತಟ್ಟೆಗೆ ಬಡಿದು, ಪುಟಿದು, ತೊಟ್ಟಿಯಾಚೆ ಹಾರುತ್ತಿದ್ದವು. ಸರಿಪಡಿಸಲು ನನ್ನನ್ನು ಕರೆಸಿದರು. ಮ್ಯಾನೇಜರ್ ಚಹಾ ಕೊಟ್ಟು, "ಲೆಕ್ಕ ಹಾಕೋ ಸರ್ ಯಾವಾಗ ಬರ್ತಾರೆ?" ಎಂದರು.

"ನಾನೇ ಅದು."

"ಹಾಗಲ್ಲಮ್ಮ, ದೊಡ್ಡ ಸರ್."

ಚಹಾ ಅಲ್ಲೇ ಬಿಟ್ಟು ಎದ್ದೆ. ನನ್ನ ಲೆಕ್ಕದ ಪ್ರಕಾರ ತಟ್ಟೆಯನ್ನು ಓರೆಯಾಗಿ ಕೂರಿಸಿದೆ.

"ಲೆಕ್ಕ ತಪ್ಪಿದ್ರೆ?"

"ಗುಂಡು ನೇರ ಇಲ್ಲಿಗೇ ಹಾರುತ್ತೆ. ನಾನು ಇಲ್ಲೇ ನಿಂತಿರ್ತೀನಿ. ನೀವೂ ಬನ್ನಿ."

ಯಂತ್ರ ಶುರುವಾಯಿತು. ಗುಂಡುಗಳೆಲ್ಲ ಒಂದೂ ತಪ್ಪದೆ ತೊಟ್ಟಿಯೊಳಗೇ ಬಿದ್ದವು. ಹೆಮ್ಮೆಯಿಂದ ತಿರುಗಿದರೆ ಪಕ್ಕದಲ್ಲಿ ಯಾರೂ ಇಲ್ಲ. ದೂರದ ಕಂಬದ ಹಿಂದಿನಿಂದ ಹೆಲ್ಮೆಟ್ ಒಂದು ಇಣುಕಿತು:

"ಮುಗೀತಾ... ಸರ್?"

ಇನ್ನೇನು ಬದಲಾಯಿಸೋದು?

ಸೂರತ್‌ನ ವಿಚಾರಸಂಕಿರಣದಲ್ಲಿ ನಾನು ಹೇಳಿದ್ದಿಷ್ಟೇ: ಗುಂಡು ಜೋರಾಗಿ ಬಿದ್ದಷ್ಟೂ ಅದರ ಶಕ್ತಿಯಲ್ಲಿ ನಷ್ಟವಾಗುವ ಪಾಲೂ ಹೆಚ್ಚುತ್ತದೆ. ಮುಂದಿನ ಸಾಲಿನ ಹಿರಿಯ ಪ್ರೊಫೆಸರ್ ಎದ್ದುನಿಂತರು.

"ಕೂತ್ಕೋಮ್ಮ. ಆ ಪಾಲು ಬದಲಾಗಲ್ಲ ಅಂತ ಪುಸ್ತಕದಲ್ಲೇ ಇದೆ."

"ಗುಂಡು ಆ ಪುಸ್ತಕ ಓದಿಲ್ಲ ಸರ್. ನಾನು ಕೂರೋದೂ ಇಲ್ಲ. ನೀವೇ ಬಿಟ್ಟು ನೋಡಿ."

ಅವರು ವೇದಿಕೆಗೆ ಬಂದು ತಗ್ಗಿನಿಂದ ಬಿಟ್ಟರು, ಕುರ್ಚಿ ಹತ್ತಿ ಎತ್ತರದಿಂದಲೂ ಬಿಟ್ಟರು. ಅಳೆದರೆ ನಾನು ಹೇಳಿದಂತೆಯೇ ಬಂತು.

"ನೆಲ ಸರಿಯಿಲ್ಲ."

ಸಂಘಟಕರು ಅದೇ ಊರಿನ ಕತಾರ್‌ಗಾಮ್ ಬಡಾವಣೆಯ ವರ್ಕ್‌ಶಾಪಿಗೆ ಓಡಿ, ದಪ್ಪನೆಯ ಉಕ್ಕಿನ ಹಲಗೆ ತಂದರು. ಮತ್ತೆ ಅದೇ ಉತ್ತರ.

"ಗುಂಡೇ ಸರಿಯಿಲ್ಲ."

ಕತಾರ್‌ಗಾಮ್‌ನಿಂದ ಹೊಸ ಗುಂಡೂ ಬಂತು. ಮತ್ತೂ ಅದೇ.

ನನಗೆ ರೇಗಿತು. "ಸರ್, ಇನ್ನು ಉಳಿದಿರೋದು ಭೂಮಿ ಒಂದೇ. ಅದನ್ನೂ ಬದಲಾಯಿಸೋಣವಾ?"

ಪ್ರೊಫೆಸರ್ ಕುರ್ಚಿಯ ಮೇಲೆ ನಿಂತಲ್ಲೇ ಕನ್ನಡಕ ಒರೆಸಿಕೊಂಡು, ಸಂಘಟಕರ ಕಡೆ ಗಂಭೀರವಾಗಿ ತಿರುಗಿದರು:

"ಕತಾರ್‌ಗಾಮ್‌ನಲ್ಲಿ ಸಿಗುತ್ತಾ?"