ಕುರಿಗಳ ಪಾಲಿನ ಒಗರು

ಒಂದು ಚಿಟಿಕೆ ಮೇವನ್ನು ಬಾಯಿಗೆ ಹಾಕಿಕೊಂಡದ್ದೇ ಎಲ್ಲ ಫಜೀತಿಗೂ ಮೂಲ. ಹಾಕಿಕೊಂಡವಳು ಪಶು ಆಹಾರ ಸಂಶೋಧನಾ ಕೇಂದ್ರದಲ್ಲಿ ಕೊಟ್ಟಿಗೆ ಗುಡಿಸುವ ಅಕ್ಕ. ಬಾಯೆಲ್ಲ ಒಗರೊಗರಾಗಿ, ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತು. "ಅಯ್ಯೋ, ಇದನ್ನ ನನ್ನ ಕುಂಟಿ ತಿನ್ಬೇಕಾ?" ಎಂದು ಅವಳ ಕರುಳು ಚುರ್ರೆಂದಿತು. ಕುಂಟಿ ಎಂದರೆ ಎಡದ ದೊಡ್ಡಿಯಲ್ಲಿದ್ದ, ಅಕ್ಕನ ಮುದ್ದಿನ ಕುರಿ.

ಆ ಒಗರನ್ನು ಬೆರೆಸಿದವನು ಕೇಂದ್ರದ ಕಿರಿಯ ಸಂಶೋಧಕ. ಎಲೆಗಳಲ್ಲಿರುವ ಟ್ಯಾನಿನ್ ಎಂಬ ಒಗರು ಪದಾರ್ಥ ಮೇವಿನ ಪ್ರೋಟೀನನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಹಿತಮಿತವಾಗಿದ್ದರೆ ಕುರಿಯ ಮೊದಲ ಹೊಟ್ಟೆಯ ಸೂಕ್ಷ್ಮಜೀವಿಗಳಿಂದ ಪ್ರೋಟೀನನ್ನು ಪಾರುಮಾಡಿ ಕರುಳಿಗೆ ದಾಟಿಸುತ್ತದೆ. ಹೆಚ್ಚಾದರೆ ಹಿಡಿದದ್ದನ್ನು ಬಿಡದೆ ಹಿಕ್ಕೆಯ ಜೊತೆ ಹೊರಗೇ ಸಾಗಿಸಿಬಿಡುತ್ತದೆ. ಎಷ್ಟಾದರೆ ಹಿತ, ಎಷ್ಟಾದರೆ ಹೆಚ್ಚು ಎಂದು ತಿಳಿಯಲು ಹೊರಟಿದ್ದ ಅವನ ಪ್ರಯೋಗ ಈಗಾಗಲೇ ಎರಡು ಸಲ ಕೆಟ್ಟಿತ್ತು. "ಮೂರನೇ ಸಲಾನೂ ಕೆಟ್ರೆ ಬೇರೆ ಕೆಲಸ ನೋಡ್ಕೋಪ್ಪಾ" ಎಂದು ಪ್ರೊಫೆಸರು ನಗುನಗುತ್ತಲೇ ಹೇಳಿದ್ದರು. ಇವತ್ತು ಮೇವಿನ ಕೊನೆಯ ದಿನ, ನಾಳೆ ಹಿಕ್ಕೆಯ ಪರೀಕ್ಷೆ. ಇವತ್ತು ಏರುಪೇರಾದರೆ ಹಿಂದಿನದೆಲ್ಲ ದಂಡ.

ಎಡದ ದೊಡ್ಡಿಗೆ ಒಗರು ಮೇವು, ಬಲದ ದೊಡ್ಡಿಗೆ ಸಾದಾ ಮೇವು. ಬೆಲ್ಲದ ಪಾಕದಂಥ ಕಾಕಂಬಿ ಸುರಿದದ್ದರಿಂದ ಎರಡೂ ಒಂದೇ ಕಪ್ಪು. ಗುರುತು ಹಾಕಿದರೆ ಜನ ಪಕ್ಷಪಾತ ಮಾಡುತ್ತಾರೆಂದು ಬೇಕೆಂದೇ ಗುರುತು ಹಾಕದೆ, ಮೇವಿನ ಬಾನಿಗಳನ್ನು ಆಯಾ ದೊಡ್ಡಿಯ ಮುಂದಿಟ್ಟು ತಕ್ಕಡಿ ತರಲು ಹೋಗಿದ್ದ. ಬುದ್ಧಿವಂತಿಕೆ ಎಂದರೆ ಅದು!

ಅವನು ಮರಳಿದಾಗ ಅಕ್ಕ ಪೊರಕೆ ಹಿಡಿದು ನೆಲ ನೋಡುತ್ತ ನಿಂತಿದ್ದಳು.

"ಬೈಬೇಡಿ ಡಾಕ್ಟ್ರೇ. ಬಾನಿ ಅದಲುಬದಲು ಮಾಡ್ಬಿಟ್ಟೆ."

ಅವನು ಹಲ್ಲು ಕಚ್ಚಿ ಎರಡೂ ಬಾನಿಗಳನ್ನು ಎಳೆದು ಜಾಗ ಬದಲಿಸಿದ. ಬೆನ್ನು ನೆಟ್ಟಗೆ ಮಾಡುವಷ್ಟರಲ್ಲಿ ಕಾವಲುಗಾರ ಬಂದ.

"ಅದನ್ನ ನಾನು ಆಗ್ಲೇ ಸರಿಮಾಡಿದ್ನಲ್ಲ ಸಾರ್! ಬಲಗಡೆ ನನ್ನ ಟಗರು ಇದೆ. ಅದರ ಬಾನಿ ರುಚಿ ನೋಡ್ದೆ, ಥೂ! ತಗೊಂಡೋಗಿ ಎಡಕ್ಕಿಟ್ಟೆ."

"ಹಾಗಾದ್ರೆ ಈಗ ಕೆಡಿಸಿದ್ದು ನಾನಾ?"

"ಹೌದು ಸಾರ್, ನೀವೇ."

ಸಂಶೋಧಕ ಬಾನಿಗಳನ್ನು ಮತ್ತೆ ಎಳೆದು ಬದಲಿಸಿದ. ಅಕ್ಕ ಕಾವಲುಗಾರನತ್ತ ತಿರುಗಿ ಗಲ್ಲಕ್ಕೆ ಬೆರಳಿಟ್ಟಳು.

"ಅಲ್ಲಪ್ಪಾ, ನೀನು ಬದಲಾಯಿಸಿದ್ದು ನಾನು ಎರಡನೇ ಸಲ ಬದಲಾಯಿಸೋಕೆ ಮುಂಚೆನಾ, ಆಮೇಲಾ?"

"ಎರಡನೇ ಸಲಾನಾ?" ಸಂಶೋಧಕ ಕಿರುಚಿದ.

"ಮನಸ್ಸು ತಡೀಲಿಲ್ಲ ಡಾಕ್ಟ್ರೇ. ಇನ್ನೊಂದ್ಸಲ ಕುಂಟಿ ಬಾನಿ ರುಚಿ ನೋಡಿದ್ರೆ ಮತ್ತೆ ಒಗರು!"

ಅವನು ಕುಕ್ಕರಗಾಲಲ್ಲಿ ಕೂತು ನೆಲದ ಮೇಲೆ ಕಡ್ಡಿಯಿಂದ ಗೀರೆಳೆದು ಲೆಕ್ಕ ಹಾಕಿದ. ಕೊನೆಗೆ ಬದಲಾಯಿಸಿದ್ದು ಅಕ್ಕ ಎಂದರೆ ತಪ್ಪು ಬಂತು, ಕಾವಲುಗಾರ ಎಂದರೆ ಸರಿ ಬಂತು. ಕೊನೆಗೆ ಬದಲಾಯಿಸಿದ್ದು ತಾನೇ ಎಂದು ಅವರಿಬ್ಬರೂ ಜಗಳಕ್ಕೆ ನಿಂತರು.

ರುಚಿ ನೋಡಿಯೇ ತೀರ್ಮಾನಿಸುವುದೆಂದು ಸಂಶೋಧಕ ಪಟ್ಟು ಹಿಡಿದ. ಬೆಳಗಿನಿಂದ ಮೇವಿಗೆ ಬೆರೆಸುವ ಒಗರು ಎಲೆಪುಡಿ ನೆಕ್ಕಿ ನೆಕ್ಕಿ ಅವನ ನಾಲಿಗೆ ಹದಮಾಡಿದ ಚರ್ಮದಂತಾಗಿತ್ತು. ಉಳಿದಿಬ್ಬರದೂ ಅದೇ ಗತಿ. ಮೂವರೂ ಎರಡೂ ಬಾನಿಗಳಿಗೆ ಒಂದೇ ಥರ ಮುಖ ಕಿವುಚಿದರು.

"ಸಾಕು! ಎರಡನ್ನೂ ಚೆಲ್ಲಿಬಿಡಿ. ನಾನು ಹೊಸದಾಗಿ ಕಲೆಸ್ತೀನಿ. ಇನ್ನು ಯಾರಾದ್ರೂ ನನ್ನ ಬಾನಿ ಮುಟ್ಟಿದ್ರೆ ನೋಡಿ!"

ಡಬ್ಬಿಯ ತಳದಲ್ಲಿ ಒಂದು ಹೊತ್ತಿಗಾಗುವಷ್ಟು ಪುಡಿ ಮಾತ್ರ ಉಳಿದಿತ್ತು. ಕೋಣೆಯ ಬಾಗಿಲು ಹಾಕಿಕೊಂಡು ತೂಗಿದ, ಅಳೆದ, ಕಲೆಸಿದ. ಬೆವರು ಇಳಿಯಿತು, ಛಲ ಇಳಿಯಲಿಲ್ಲ. ಎರಡೂ ಹೊಸ ಬಾನಿಗಳನ್ನು ತಾನೇ ಹೊತ್ತು ತಂದು ದೊಡ್ಡಿಗಳೊಳಗಿಟ್ಟು, ನಡುವೆ ಸೊಂಟದ ಮೇಲೆ ಕೈಯಿಟ್ಟು ನಿಂತ. ಕೊನೆಗೂ ಗೆದ್ದೆ ಎನ್ನಿಸಿ ಅವನ ಕಣ್ಣು ತೇವವಾಯಿತು.

ಕುರಿಗಳು ಬಾನಿ ಮೂಸಿ ನೋಡಿದವು. ಕುಂಟಿ ತೇಗಿ, ಕಾಲು ಮಡಿಚಿ ಮಲಗಿ, ಮೆಲುಕು ಹಾಕತೊಡಗಿತು. ಟಗರು ಬಾನಿಗೆ ಬೆನ್ನು ತಿರುಗಿಸಿತು.

"ಯಾಕೆ ತಿಂತಿಲ್ಲ ಇವು?"

"ಹೊಟ್ಟೆ ಬಿರಿಯೋ ಹಾಗೆ ತಿಂದಿವೆ, ಇನ್ನೆಲ್ಲಿ ತಿಂತಾವೆ?" ಎಂದಳು ಅಕ್ಕ. "ಚೆಲ್ಲಿಬಿಡಿ ಅಂದ್ರಿ. ಅಷ್ಟೊಂದು ಮೇವು ಚೆಲ್ಲೋಕೆ ಮನಸ್ಸು ಬರುತ್ತಾ ಡಾಕ್ಟ್ರೇ? ನೀವು ಬಾಗಿಲು ಹಾಕ್ಕೊಂಡ ಮೇಲೆ ನಾವಿಬ್ರೂ ರಾಜಿಯಾದ್ವಿ. ಎರಡೂ ಬಾನಿ ಒಟ್ಟಿಗೆ ಸುರಿದು, ಚೆನ್ನಾಗಿ ಕಲೆಸಿ, ಎರಡೂ ದೊಡ್ಡಿಗೆ ಸಮಪಾಲು ಹಾಕ್ಬಿಟ್ವಿ."

ಹೊರಗೆ ಪ್ರೊಫೆಸರರ ಕಾರು ಬಂದು ನಿಂತ ಸದ್ದಾಯಿತು. ಗೇಟು ತೆಗೆಯಲು ಓಡುತ್ತಿದ್ದ ಕಾವಲುಗಾರ ಹಿಂದಿರುಗಿ ಸಂಶೋಧಕನಿಗೆ ಧೈರ್ಯ ತುಂಬಿದ.

"ಹೆದರ್ಬೇಡಿ ಸಾರ್! ಇನ್ಮೇಲೆ ಯಾರು ಎಷ್ಟು ಸಲ ಬಾನಿ ಬದಲಾಯಿಸಿದ್ರೂ ಒಂದಿಷ್ಟೂ ವ್ಯತ್ಯಾಸ ಆಗಲ್ಲ!"