ಬೇಡವೆಂದವರನ್ನು ಒತ್ತಾಯಿಸುವವರಿಲ್ಲದೆ: ಜೂಲಿಯಸ್ ಸೀಸರ್ ಅವರಿಗೆ ಜರ್ಮನ್‌ಟೌನಿನಿಂದ ಒಂದು ದೂರು

ಮಾನ್ಯರಾದ ಶ್ರೀ ಗಾಯಸ್ ಜೂಲಿಯಸ್ ಸೀಸರ್ ಅವರ ದಿವ್ಯ ಸನ್ನಿಧಿಗೆ,
ರೋಮ್ ನಗರ, ಅಲ್ಲಿ ಸಿಗದಿದ್ದರೆ ಸದ್ಯ ತಾವಿರುವ ಲೋಕಕ್ಕೆ.

ಮಾನ್ಯರೇ,

ಮೇರಿಲ್ಯಾಂಡಿನ ಜರ್ಮನ್‌ಟೌನಿನಲ್ಲಿ ಮಗಳು ಆರತಿಯ ಮನೆಯಲ್ಲಿರುವ, ಹೋದ ವರ್ಷ ಎಲೆ ಉದುರುವ ಕಾಲದಲ್ಲಿ ಹೆಂಡತಿಯನ್ನು ಕಳೆದುಕೊಂಡ ಬಸಲಿಂಗಪ್ಪ ಎಂಬ ನಾನು ಮಾಡುವ ಸಾಷ್ಟಾಂಗ ನಮಸ್ಕಾರಗಳು. ಮೊಣಕಾಲೊಂದನ್ನು ಬಿಟ್ಟರೆ ಇಲ್ಲಿ ಎಲ್ಲವೂ ಕ್ಷೇಮ. ತಮ್ಮ ಕ್ಷೇಮದ ಬಗ್ಗೆ ಕೇಳಬಾರದೆಂಬಷ್ಟು ತಿಳಿವಳಿಕೆ ನನಗಿದೆ. ಧಾರವಾಡದ ಕಾಲೇಜಿನಲ್ಲಿ ತಮ್ಮ ಮೇಲೆ ಹತ್ತು ಮಾರ್ಕಿನ ಪ್ರಶ್ನೆಗೆ ಉತ್ತರ ಬರೆದು ನಾಲ್ಕು ಪಡೆದವನಾದ್ದರಿಂದ ತಮ್ಮ ಪರಿಚಯ ಅರ್ಧಕ್ಕಿಂತ ತುಸು ಕಡಿಮೆ ಇದೆಯೆಂದು ಧೈರ್ಯವಾಗಿ ಹೇಳಬಲ್ಲೆ. ಆಗ ಕಲಿತ ಇಂಗ್ಲಿಷಿನಲ್ಲೇ ಹೇಳುವುದಾದರೆ, ವಿತ್ ಡ್ಯೂ ರೆಸ್ಪೆಕ್ಟ್ ಐ ಬೆಗ್ ಟು ಸ್ಟೇಟ್, ಅದರ ಮುಂದಿನದು ಮರೆತುಹೋಗಿದೆ, ಕನ್ನಡದಲ್ಲೇ ಬಿನ್ನವಿಸಿಕೊಳ್ಳುತ್ತೇನೆ.

ದೂರು ಏನೆಂದರೆ, ತಾವು ತುಂಬಿದ ಸಭೆಯಲ್ಲಿ ಕಿರೀಟ ಕೊಡಲು ಬಂದವರನ್ನು ಮತ್ತೆ ಮತ್ತೆ ಬೇಡವೆಂದು ತಳ್ಳಿದಿರಂತೆ, ಜನ ಚಪ್ಪಾಳೆ ತಟ್ಟಿದರಂತೆ. ಬೇಕಾದದ್ದನ್ನು ಬೇಡವೆನ್ನುವ ಆ ಘನವಾದ ಸಂಪ್ರದಾಯ ಸಮುದ್ರಗಳನ್ನು ದಾಟಿ, ಮೈಸೂರಿನ ಮೇಲೆ ಹಾದು, ಕೊನೆಗೆ ನಮ್ಮ ಕನ್ನಡ ಬಳಗಕ್ಕೂ ಬಂದು ಸೇರಿತು. ನಮ್ಮಲ್ಲಿ ಅಧ್ಯಕ್ಷರ ಆಯ್ಕೆಗೆ ಮತದಾನ ಮಾಡುವ ಕೆಟ್ಟ ಪದ್ಧತಿ ಇಲ್ಲ. ಪ್ರತಿ ಜನವರಿಯಲ್ಲೂ ಎಲ್ಲರೂ ಹರಿಪ್ರಸಾದನ ಹೆಸರು ಹೇಳುತ್ತಾರೆ, ಅವನು 'ಅಯ್ಯೋ, ನಂಗ್ಯಾಕೆ, ಯಂಗ್‌ಸ್ಟರ್ಸ್ ಮಾಡ್ಲಿ ಬಿಡಿ' ಎನ್ನುತ್ತಾನೆ, ಇನ್ನೊಮ್ಮೆ ಹೇಳುತ್ತಾರೆ, ಇನ್ನೊಮ್ಮೆ ಬೇಡವೆನ್ನುತ್ತಾನೆ, ಆಗ ನನ್ನ ಹೆಂಡತಿ ವಿದ್ಯಾವತಿ ಸೌಟು ಹಿಡಿದೇ ಅಡುಗೆಮನೆಯಿಂದ ಹೊರಗೆ ಬಂದು, 'ಸುಮ್ಮ ಹೂಂ ಅನ್ನೋ ಹರಿ, ಸಾರು ಆರಾಕತ್ತೈತಿ' ಎನ್ನುತ್ತಿದ್ದಳು. ಹರಿಪ್ರಸಾದ ಒಪ್ಪಿಕೊಳ್ಳುತ್ತಿದ್ದ, ಎಲ್ಲರೂ ಊಟಕ್ಕೆ ಏಳುತ್ತಿದ್ದೆವು. ತಮ್ಮ ಸೆನೆಟ್ಟಿನಲ್ಲಿ ಇಂಥ ಒಬ್ಬ ಹೆಂಗಸಿದ್ದಿದ್ದರೆ ತಮ್ಮ ಆಯುಷ್ಯ ಹೆಚ್ಚುತ್ತಿತ್ತೆಂಬುದು ನನ್ನ ನಮ್ರ ಅಭಿಪ್ರಾಯ.

ಈ ಸಲದ ಜನವರಿಯಲ್ಲಿ ಹರಿಪ್ರಸಾದ ಪದ್ಧತಿಯಂತೆ ಎರಡು ಸಲ ಬೇಡವೆಂದ. ಅಡುಗೆಮನೆಯಿಂದ ಯಾರೂ ಬರಲಿಲ್ಲ. ಎಲ್ಲರೂ ಆ ಬಾಗಿಲ ಕಡೆ ನೋಡಿದೆವು, ಆಮೇಲೆ ನೆಲ ನೋಡಿದೆವು. ಆಗ ಅಮೃತ್ ಎಂಬ ಹುಡುಗ, ಹುಡುಗ ಎಂದರೆ ನಲವತ್ತರ ಹತ್ತಿರದವನು, ಎಳವೆಯಿಂದ ಇದೇ ದೇಶದ ಷಾರ್ಲೆಟ್ಟಿನಲ್ಲಿ ಬೆಳೆದವನು, ಬೇಡವೆಂದರೆ ಬೇಡವೆಂದೇ ಅರ್ಥ ಮಾಡಿಕೊಳ್ಳುವ ಶುದ್ಧ ಮನಸ್ಸಿನವನು, ಎದ್ದು ನಿಂತು, 'ಟೋಟಲಿ ಅಂಡರ್‌ಸ್ಟ್ಯಾಂಡ್, ಹರಿ ಅಂಕಲ್, ಯು ಡಿಸರ್ವ್ ಎ ಬ್ರೇಕ್, ನಾನು ಮಾಡ್ತೀನಿ' ಎಂದುಬಿಟ್ಟ. ಹರಿಪ್ರಸಾದ ನಗುತ್ತಾ ಕೈಕುಲುಕಿದ. ಮರುದಿನ ಬೆಳಿಗ್ಗೆ ನಮ್ಮ ವಾಟ್ಸಾಪ್ ಗುಂಪಿನಲ್ಲಿ 'ಹರಿಪ್ರಸಾದ್ ಲೆಫ್ಟ್' ಎಂದು ಬಂತು. ತಾವು ರೋಮಿನ ಮೇಲೇ ಸೈನ್ಯ ಕಟ್ಟಿಕೊಂಡು ನದಿ ದಾಟಿದಿರಿ, ಇಡೀ ದೇಶಕ್ಕೆ ತಿಳಿಯಿತು; ಈತ ಬರಿಯ ಹೆಬ್ಬೆರಳಿನಿಂದ ದಾಟಿದ, ಆದರೂ ಅಟ್ಲಾಂಟಾದಲ್ಲಿರುವ ಅವನ ಷಡ್ಡಕನಿಗೆ ಕಾಫಿಗಿಂತ ಮೊದಲೇ ತಿಳಿದಿತ್ತು.

ವಾರದೊಳಗೆ ಪಕ್ಕದೂರು ಗೈದರ್ಸ್‌ಬರ್ಗಿನಲ್ಲಿ ಹರಿಪ್ರಸಾದನ ಹೊಸ ಬಳಗ ಹುಟ್ಟಿತು. ಹೊಸದಾದ್ದರಿಂದ ಅದಕ್ಕೆ 'ಮೂಲ ಕನ್ನಡ ಬಳಗ' ಎಂದು ಹೆಸರಿಟ್ಟರು. ಆಸ್ತಿ ವಿಭಾಗದಲ್ಲಿ ಮೈಕು ಅವರಿಗೆ ಹೋಯಿತು, ಸ್ಪೀಕರು ಇವರಲ್ಲೇ ಉಳಿಯಿತು. ಎರಡೂ ಕಡೆಯವರು ಭಾಷಣ ಮಾಡಿ ಒಂದು ಕಡೆಯದೂ ಕೇಳಿಸದಂಥ ಈ ಸುವ್ಯವಸ್ಥೆಯನ್ನು ರೋಮಿನವರು ಕಂಡುಕೊಂಡಿದ್ದರೆ ಅರ್ಧ ಯುದ್ಧಗಳು ತಪ್ಪುತ್ತಿದ್ದವು.

ಇನ್ನು ನನ್ನ ಕಷ್ಟಕ್ಕೆ ಬರುತ್ತೇನೆ. ಎರಡೂ ಬಳಗದವರು ಉಗಾದಿ ಊಟವನ್ನು ಒಂದೇ ಭಾನುವಾರ, ಒಂದೇ ಮಧ್ಯಾಹ್ನ ಇಟ್ಟುಕೊಂಡಿದ್ದಾರೆ. ಹಬ್ಬ ಇನ್ನೂ ಗುರುವಾರವಿದೆ, ಆದರೆ ಇಲ್ಲಿ ಶಾಲೆಯ ಕ್ಯಾಫೆಟೇರಿಯಾ ಸಿಕ್ಕ ದಿನವೇ ಉಗಾದಿ. ನನಗೆ ಕಾರು ಓಡಿಸಲು ಕಣ್ಣು ಸಾಲದು. ಮೊದಲೆಲ್ಲ ಹೋಗುವಾಗ ಹರಿಪ್ರಸಾದ ಕರೆದೊಯ್ಯುತ್ತಿದ್ದ, ಬರುವಾಗ ಪಾತ್ರೆ ತೊಳೆದು ತಡವಾಗುವ ನಮ್ಮಿಬ್ಬರನ್ನು ಅಮೃತ್ ಮನೆ ಮುಟ್ಟಿಸುತ್ತಿದ್ದ. ಈಗ ಯಾರ ಕಾರು ಹತ್ತಿದರೂ ಆ ಪಕ್ಷದವನಾಗುತ್ತೇನೆ. ಇಬ್ಬರಿಗೂ ನಾನು ಬೇಕು, ಏಕೆಂದರೆ ಹಿರಿಯನಾಗಿ ದೀಪ ಬೆಳಗುವವನು ನಾನು. ಶಾಲೆಯಲ್ಲಿ ಬೆಂಕಿ ಹಚ್ಚುವಂತಿಲ್ಲವಾದ್ದರಿಂದ ಬ್ಯಾಟರಿ ದೀಪದ ಸ್ವಿಚ್ಚು ಒತ್ತುವುದು ಎಂದು ಓದಿಕೊಳ್ಳಬೇಕು. ಯಾವ ಸ್ವಿಚ್ಚನ್ನು ನಾನು ಒತ್ತುತ್ತೇನೋ ಆ ಬಳಗವೇ ನಿಜವಾದದ್ದಂತೆ.

ಇಬ್ಬರೂ ಫೋನು ಮಾಡಿ 'ಅಂಕಲ್, ನಮ್ ಜೊತೆ ತಾನೇ' ಎಂದು ಕೇಳಿದರು. ನಾನು ಇಬ್ಬರಿಗೂ ಒಂದೇ ಉತ್ತರ ಕೊಟ್ಟೆ: ನೋಡೋಣಪ್ಪ. ಅಮೃತ್ ಅದನ್ನು ಹೂಂ ಎಂದು ತಿಳಿದು ಆಮಂತ್ರಣದಲ್ಲಿ ನನ್ನ ಹೆಸರು, ಫೋಟೋ ಎರಡನ್ನೂ ಹಾಕಿಸಿದ. ಹರಿಪ್ರಸಾದ ಅದನ್ನು ಊಹೂಂ ಎಂದು ತಿಳಿದು, ದಿನಾ ಸಂಜೆ ಮಾಡುತ್ತಿದ್ದ ಫೋನನ್ನೇ ನಿಲ್ಲಿಸಿದ. ಅವಳು ಹೋದ ಮೇಲೆ ಆ ಒಂದು ಫೋನಿಗಾಗಿಯೇ ನಾನು ಸಂಜೆ ಹಲ್ಲುಸೆಟ್ಟು ತೆಗೆಯದೆ ಕೂತಿರುತ್ತಿದ್ದೆ, ಮಾನ್ಯರೇ.

ಮೊಮ್ಮಗಳು ನಿಧಿಯನ್ನು ಕೂರಿಸಿಕೊಂಡು ತಮ್ಮ ಚರಿತ್ರೆಯನ್ನು ಮತ್ತೆ ಓದಿಸಿ ಕೇಳಿದೆ. ಕೊನೆಗೆ ತಮ್ಮ ಮೇಲೆ ಯುದ್ಧಕ್ಕೆ ನಿಂತ ಪಾಂಪಿಯವರು ಜ್ವಾಲಾಮುಖಿಯಲ್ಲಿ ಸತ್ತರಲ್ಲವೇ ಎಂದಿದ್ದಕ್ಕೆ, 'ನೋ ಅಜ್ಜ, ದಟ್ಸ್ ಎ ಸಿಟಿ' ಎಂದು ತಿದ್ದಿದಳು. ಆಮೇಲೆ, ಕಾಲೇಜಿನಲ್ಲಿ ನಾನು ಬರೆಯದೆ ಬಿಟ್ಟ ಆರು ಮಾರ್ಕಿನೊಳಗಿನ ಒಂದು ಸಂಗತಿಯನ್ನೂ ಓದಿದಳು. ತಮ್ಮ ಮಗಳು ಜೂಲಿಯಾ ಪಾಂಪಿಯವರ ಹೆಂಡತಿಯಂತೆ. ಆಕೆ ಇರುವವರೆಗೆ ತಾವಿಬ್ಬರೂ ಹೇಗೋ ಸಂಭಾಳಿಸಿಕೊಂಡಿದ್ದಿರಂತೆ. ಆಕೆ ತೀರಿಕೊಂಡ ಮೇಲೆ ತಮ್ಮಿಬ್ಬರ ನಡುವೆ ಬರಿಯ ರಾಜ್ಯ ಉಳಿಯಿತಂತೆ. ನಿಧಿ ಮುಂದೆ ಓದುತ್ತಿದ್ದಳು, ನಾನು ಆ ಸಾಲಿನಲ್ಲೇ ನಿಂತಿದ್ದೆ. ವಿದ್ಯಾವತಿಯನ್ನು ಮಲಗಿಸಿದ್ದ ಪೆಟ್ಟಿಗೆಯ ಒಂದು ಬದಿಗೆ ಹರಿಪ್ರಸಾದ ಹೆಗಲು ಕೊಟ್ಟಿದ್ದ, ಇನ್ನೊಂದು ಬದಿಗೆ ಅಮೃತ್. ಒಂದು ಬದಿ ತಗ್ಗಬಾರದೆಂದು ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡು ಹೆಜ್ಜೆ ಹಾಕಿದ್ದರು. ಇವರಲ್ಲಿ ಯಾರ ಕಾರನ್ನು ಬಿಡಬೇಕೆಂದು ತಾವೇ ಅಪ್ಪಣೆ ಕೊಡಿಸಬೇಕು.

ಕೊಡಿಸಲಾಗದಿದ್ದರೆ ಒಂದು ಸಣ್ಣ ಬೇಡಿಕೆ. ತಾವು ಪಂಚಾಂಗವನ್ನು ತಿದ್ದುವಾಗ ಒಂದು ವರ್ಷಕ್ಕೆ ಮೂರು ತಿಂಗಳಷ್ಟು ದಿನಗಳನ್ನು ತುರುಕಿದ ಮಹಾನುಭಾವರು. ನನಗೆ ಒಂದೇ ಒಂದು ಹೆಚ್ಚಿನ ಭಾನುವಾರ ದಯಪಾಲಿಸಬೇಕು, ಎರಡೂ ಊಟ ಮಾಡಿ ಬರುತ್ತೇನೆ. ಅದೂ ಆಗದಿದ್ದರೆ ಪಾಂಪಿಯವರನ್ನು ಜೊತೆಗೆ ಕರೆದುಕೊಂಡು ಇಲ್ಲಿಗೆ ಬಂದು, ನಮ್ಮವರ ಎದುರು ಒಂದೇ ಸಾಲಿನಲ್ಲಿ ಕೂತು ತಾವಿಬ್ಬರೂ ಹೋಳಿಗೆ ತಿನ್ನಬೇಕು. ತುಪ್ಪ ನಾನು ಬಡಿಸುತ್ತೇನೆ.

ಎರಡು ಸಾವಿರ ವರ್ಷಗಳಿಂದ ತಮ್ಮ ಕಚೇರಿಯಿಂದ ಯಾರಿಗೂ ಉತ್ತರ ಬಂದಿಲ್ಲವಾದ್ದರಿಂದ ನನ್ನ ಏರ್ಪಾಟನ್ನು ನಾನೇ ಮಾಡಿಕೊಂಡಿದ್ದೇನೆ. ಆ ಭಾನುವಾರ ಜರ್ಮನ್‌ಟೌನಿನಲ್ಲಿ ಕೋಸಂಬರಿ, ಹೋಳಿಗೆ ಮುಗಿಸಿ, ಅನ್ನಕ್ಕೆ ಮುಂಚೆ ಎದ್ದು, ಯಾವ ಸ್ವಿಚ್ಚನ್ನೂ ಒತ್ತದೆ, ಗೈದರ್ಸ್‌ಬರ್ಗಿನ ಅನ್ನ ಸಾರಿಗೆ ಸಿಟಿ ಬಸ್ಸಿನಲ್ಲಿ ಹೋಗುತ್ತೇನೆ. ಕನ್ನಡದ ಹಿರಿಯನೊಬ್ಬ ಈ ಊರಿನಲ್ಲಿ ಪಂಚೆ ಉಟ್ಟು ಬಸ್‌ಸ್ಟಾಪಿನಲ್ಲಿ ನಿಂತರೆ ಎಂಥ ಮಾನಹಾನಿಯೆಂದು ತಮಗೆ ತಿಳಿಯದು. ಎರಡು ಕಾರಿನವರೂ ಕೀಲಿ ಹಿಡಿದು ಓಡಿ ಬರುತ್ತಾರೆ. ಎರಡು ಕಾರು ಬಂದರೆ ಹತ್ತುವುದಿಲ್ಲ. ಒಂದೇ ಕಾರಿನಲ್ಲಿ, ಮುಂದಿನ ಎರಡು ಸೀಟಿನಲ್ಲಿ ಇಬ್ಬರೂ ಕೂತು ಬಂದರೆ, ಹಿಂದೆ ಹತ್ತಿ, ಯಾವ ಊಟಕ್ಕೆಂದು ಕೇಳದೆ ಅವರು ಕರೆದಲ್ಲಿಗೆ ಹೋಗುತ್ತೇನೆ. ಅಲ್ಲಿಯವರೆಗೆ ಬಸ್ಸೇ ಗತಿ. ಈ ಪತ್ರವನ್ನು ಎರಡೂ ಬಳಗಗಳ ಗುಂಪಿಗೆ ಹಾಕಿಸುತ್ತಿದ್ದೇನೆ. ಈ ಸಲ 'ನೋಡೋಣ' ಎಂದು ಎಲ್ಲಿಯೂ ಬರೆದಿಲ್ಲ, ಗಮನಿಸಬೇಕು.

ತಮ್ಮ ವಿಶ್ವಾಸಿಯೂ, ಪಾಂಪಿಯವರಿಗೂ ಅಷ್ಟೇ ವಿಶ್ವಾಸಿಯೂ ಆದ,
ಬಸಲಿಂಗಪ್ಪ

ತಾಜಾ ಕಲಂ: ದಿನಾಂಕ ತಿಳಿಸುವುದು ಬಿಟ್ಟೇಹೋಗಿತ್ತು, ಆ ಭಾನುವಾರ ಮಾರ್ಚ್ ಹದಿನೈದು. ಸೆನೆಟ್ಟಿನವರ ಚೂರಿಗಳಿಂದಾಗಿ ತಮಗೆ ಅಷ್ಟಾಗಿ ಒಗ್ಗದ ತಾರೀಖೆಂದು ಬಲ್ಲೆ. ಆದರೂ ಬರುವುದಾದರೆ ಸಂಕೋಚ ಬೇಡ, ನಮ್ಮಲ್ಲಿ ಪ್ಲಾಸ್ಟಿಕ್ ಚಮಚ ಬಿಟ್ಟರೆ ಬೇರೆ ಆಯುಧವಿಲ್ಲ. ಬೆನ್ನನ್ನು ಮಾತ್ರ ಗೋಡೆಗೆ ಕೊಟ್ಟು ಕೂತುಕೊಳ್ಳಿ. ಹಿಂದಿನಿಂದ ಮಾಡುವ ಕೆಲಸವನ್ನೆಲ್ಲ ನಮ್ಮವರು ಬರಿಯ ಬಾಯಿಂದಲೇ ಮುಗಿಸುತ್ತಾರೆ.