ಮಾವನ ಕಿವಿಗೊಂದು ಸಾಬೂನು ಪೆಟ್ಟಿಗೆ

ಭೌತಶಾಸ್ತ್ರ ಕಲಿಸುವವನಿಗೆ ಫ್ಯೂಸ್ ಹಾಕಲು ಬರುತ್ತದೆಂದು ಜನ ನಂಬುವುದು, ವ್ಯಾಕರಣ ಕಲಿಸುವವನಿಗೆ ಜಗಳವಾಡಲು ಬರುತ್ತದೆಂದು ನಂಬಿದ ಹಾಗೆ. ಶಿರಸಿಯ ಹೈಸ್ಕೂಲೊಂದರಲ್ಲಿ ಇಪ್ಪತ್ತೆರಡು ವರ್ಷ ಓಮನ ನಿಯಮ ಬೋಧಿಸಿದ ನಾನು ಮನೆಯ ಇಸ್ತ್ರಿಪೆಟ್ಟಿಗೆ ಕೆಟ್ಟರೆ ಮೆಲ್ಲಗೆ ಪೇಟೆಯ ಕಡೆ ನಡೆಯುವವನು. ಆದರೆ ಮಾವನವರ ಮುಂದೆ ಮಾತ್ರ ಇದನ್ನು ಒಪ್ಪಿಕೊಳ್ಳಲು ನಾಲಿಗೆ ಏಳುವುದಿಲ್ಲ. ಅಳಿಯನಾದ ಮೇಲೆ ಸ್ವಲ್ಪ ಠೀವಿ ಬೇಡವೇ?

ಮಾವ ಯಲ್ಲಾಪುರದಿಂದ ನಾಲ್ಕು ದಿನಕ್ಕೆಂದು ಬಂದಿದ್ದರು. ಅವರಿಗೆ ಕಿವಿ ಮಂದ. ಕೊಡಿಸಿದ ಶ್ರವಣಯಂತ್ರ ಪೆಟ್ಟಿಗೆಯಲ್ಲೇ ಇದೆ. ಹಾಕಿಕೊಂಡರೆ ಕಿವಿಯೊಳಗೆ ಜೀರುಂಡೆ ಕೂತ ಹಾಗಾಗುತ್ತದಂತೆ. ಅವರು ಹೋದ ವರ್ಷ ಊರಿನ ತಾಳಮದ್ದಲೆಯಲ್ಲಿ ಪಾತ್ರ ವಹಿಸಿ ಅರ್ಥ ಹೇಳಿದ್ದನ್ನು ಯಾರೋ ರೆಕಾರ್ಡ್ ಮಾಡಿ ಅವರ ಮೊಬೈಲಿಗೆ ಕಳಿಸಿದ್ದರು. ಹೆಡ್‌ಫೋನ್ ಹಾಕಿ ಕೇಳಿಸಿದರೂ ಅವರಿಗೆ ಗುಂಯ್ ಎಂಬುದಷ್ಟೇ ತಲುಪುತ್ತಿತ್ತು. "ಆನು ಮಾತಾಡಿದ್ದು ಊರಿಗೆಲ್ಲ ಕೇಳಿದ್ದು, ಎಂಗೊಬ್ಬಂಗೇ ಕೇಳಿದ್ದಿಲ್ಲೆ" ಎಂದು ಅವರು ನಕ್ಕಾಗ ನನಗೆ ನಿಜಕ್ಕೂ ಸಂಕಟವಾಯಿತು. ಸಂಕಟದಲ್ಲಿ ಬಾಯಿ ಜಾರಿತು. "ಹೆಡ್‌ಫೋನಿಗೊಂದು ಆಂಪ್ಲಿಫಯರ್ ಆನೇ ಮಾಡ್ತೆ, ಮಾವ. ನಿಂಗ ಹೊರಡೂದ್ರೊಳಗೆ ಕೇಳಿಸ್ತೆ" ಎಂದುಬಿಟ್ಟೆ. ಕಿವಿ ಮಂದವಾದ ಮಾವನಿಗೆ ಈ ಮಾತು ಹೇಗೋ ಸ್ಪಷ್ಟವಾಗಿ ಕೇಳಿಸಿತು.

ಯೂಟ್ಯೂಬ್ ನೋಡಿ, ಬಿಡಿಭಾಗ ತಂದು, ಎಲ್ಲವನ್ನೂ ಸಾಬೂನು ಪೆಟ್ಟಿಗೆಯೊಂದರಲ್ಲಿ ಕೂರಿಸಿದೆ. ಗುಂಡಿ ಒತ್ತಿದರೆ ಕೆಂಪು ದೀಪ ಹೊತ್ತಿತು. ಶಬ್ದ ಮಾತ್ರ ಇಲ್ಲ. ಮಾವ ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿ ಭಕ್ತಿಯಿಂದ ಕೂತರು, ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟು "ಶುರು ಆತಾ?" ಎಂದರು. ನಾನೂ ಹಾಕಿ ನೋಡಿದೆ. ನನಗೂ ಮಾವನಷ್ಟೇ ಕೇಳಿಸಿತು.

ಆಮೇಲೆ ಎರಡು ದಿನ ನಾನು ಮನುಷ್ಯನಾಗಿರಲಿಲ್ಲ. ಬ್ಯಾಟರಿ ಬದಲಾಯಿಸಿದೆ, ಚಿಪ್ ಕಿತ್ತು ಹೊಸದು ಹಾಕಿದೆ, ಬೆಸುಗೆಯನ್ನೆಲ್ಲ ಮೂರು ಸಲ ಬಿಚ್ಚಿ ಮತ್ತೆ ಹಾಕಿದೆ, ತೋರುಬೆರಳು ಸುಟ್ಟುಕೊಂಡೆ. ಕೊನೆಗೆ ಮರ್ಯಾದೆ ಬಿಟ್ಟು ಪೇಟೆಯ ಟಿವಿ ರಿಪೇರಿಯವನಿಗೆ ಫೋನ್ ಮಾಡಿದೆ. "ಸರ್, ಮೊಬೈಲಿಂದ ಡಬ್ಬಿಗೆ ಹೋಗೂ ವೈರ್ ನೋಡಿದ್ರಾ?" ಎಂದ. ನನಗೆ ಸಿಟ್ಟೇ ಬಂತು. ಆ ವೈರು ಅಂಗಡಿಯಿಂದ ತಂದ ಹೊಸದು. ಇಡೀ ಯಂತ್ರದಲ್ಲಿ ನಾನು ಮಾಡದೇ ಇದ್ದದ್ದು ಅದೊಂದೇ, ಹಾಗಾಗಿ ಅನುಮಾನ ಪಡುವ ಪ್ರಶ್ನೆಯೇ ಇರಲಿಲ್ಲ.

ಇಲ್ಲಿ ಇನ್ನೊಂದು ವಿಷಯ ಹೇಳಲೇಬೇಕು. ಹಲ್ಲಿನ ಡಾಕ್ಟರು ಕವಳ, ಅಂದರೆ ಎಲೆ ಅಡಿಕೆ, ಬಿಡಿ ಎಂದ ದಿನವೇ ನನ್ನ ಹೆಂಡತಿ ವಸುಧಾ ನನ್ನನ್ನು ದೇವರ ದೀಪದ ಎದುರು ನಿಲ್ಲಿಸಿ ಮಾತು ತೆಗೆದುಕೊಂಡಿದ್ದಾಳೆ. ಆದರೆ ಮಾವ ಎಲೆ ಅಡಿಕೆಯ ಸಂಚಿ ಹಿಡಿದು ಬಂದಾಗ, ಹಿರಿಯರು ಕವಳಕ್ಕೆ ಕರೆದರೆ ಒಲ್ಲೆ ಎನ್ನುವುದು ನಮ್ಮ ಕಡೆ ಶೋಭೆಯಲ್ಲ ಎಂದು ನಾನೇ ತೀರ್ಪು ಕೊಟ್ಟುಕೊಳ್ಳುತ್ತೇನೆ. ಹಿತ್ತಲಲ್ಲಿ ಇಬ್ಬರ ಕಾರ್ಯಕ್ರಮ. ಬಾಯಿ ಕೆಂಪಗಾಗುವುದಕ್ಕೆ ಸಬೂಬು ಬೇಕಲ್ಲ, ಅದಕ್ಕಾಗಿ ಬೀಟ್‌ರೂಟ್ ಪಲ್ಯ ಕೇಳಿ ಮಾಡಿಸಿಕೊಂಡು ತಿನ್ನುತ್ತಿದ್ದೆ. ಬೀಟ್‌ರೂಟ್ ಕಂಡರೆ ನನಗಾಗದು.

ಮಾವ ಹೊರಡುವ ದಿನ ಬಂತು. ಮೂರು ಗಂಟೆಯ ಬಸ್ಸು. ಊಟ ಮುಗಿಸಿ ಅವರು ಚೀಲ ಕಟ್ಟುತ್ತ, "ಇರ್ಲಿ ಬಿಡಿ ಅಳಿಯಂದ್ರೆ, ಮುಂದಿನ ಸಲ ನೋಡನ" ಎಂದರು. ಬೇರೆ ದಾರಿ ಕಾಣದೆ ಆ ವೈರನ್ನು ಎಳೆದೆ. ಪಿನ್ನಿನ ಸುತ್ತ ಬೆಳ್ಳಗೆ ಗಟ್ಟಿಯಾಗಿ ಏನೋ ಮೆತ್ತಿತ್ತು. ಉಗುರಿನಿಂದ ಕೆರೆದೆ. ಸುಣ್ಣ. ಮೊದಲ ದಿನ ಎಲೆಗೆ ಸುಣ್ಣ ಹಚ್ಚಿದ ಹೆಬ್ಬೆರಳಿನಲ್ಲೇ ಬಂದು ಪಿನ್ ಚುಚ್ಚಿದ್ದೆ. ಅದು ಒಣಗಿ ಪಿನ್ನಿಗೆ ಗೋಡೆ ಕಟ್ಟಿತ್ತು.

ಮಾವನಿಗೆ ಪಿನ್ ತೋರಿಸಿ, ತುಟಿಯ ಮೇಲೆ ಬೆರಳಿಟ್ಟು ಸನ್ನೆ ಮಾಡಿದೆ. ಅವರು ತಿಳಿಯಿತೆಂಬಂತೆ ತಲೆಯಾಡಿಸಿದರು. "ಎಂತಾಗಿತ್ತು?" ಎಂದು ವಸುಧಾ ಅಡುಗೆಮನೆಯಿಂದ ಕೇಳಿದಳು. "ಕೆಪಾಸಿಟರ್ ಕೈ ಕೊಟ್ಟಿತ್ತು" ಎಂದೆ ಗಂಭೀರವಾಗಿ. ಪಿನ್ ಒರೆಸಿ ಚುಚ್ಚಿ, ಹೆಡ್‌ಫೋನನ್ನು ಮಾವನ ಕಿವಿಗೆ ಏರಿಸಿದೆ. ಅವರ ಮುಖ ಅರಳಿತು. ತಮ್ಮದೇ ಮಾತಿಗೆ ತಾವೇ ತುಟಿ ಆಡಿಸತೊಡಗಿದರು, ಕಣ್ಣಂಚು ಒದ್ದೆಯಾಯಿತು. ನನ್ನ ಕಣ್ಣೂ ಒದ್ದೆಯಾಯಿತು ಎಂದು ಹೇಳಲು ನಾಚಿಕೆಯೇನಿಲ್ಲ.

ಆದರೆ ಹೆಡ್‌ಫೋನ್ ಹಾಕಿಕೊಂಡವರಿಗೆ ತಮ್ಮ ದನಿ ಎಷ್ಟು ಎತ್ತರದಲ್ಲಿದೆಯೆಂದು ತಿಳಿಯುವುದಿಲ್ಲ. ಮಾವ ಇಡೀ ಕೇರಿಗೆ ಕೇಳುವ ಹಾಗೆ ಹೇಳಿದರು: "ಅಳಿಯಂದ್ರೇ, ಸುಣ್ಣ ಒರಸಿದ ಮೇಲೆ ಭಾರೀ ಚೊಲೋ ಕೇಳ್ತು. ಹಿತ್ಲಲ್ಲಿ ಕವಳ ಹಾಕಿ, ಕೈ ತೊಳಿಯದ್ದೆ ವೈರ್ ಮುಟ್ಟಡಿ."

ಗಾಬರಿಯಲ್ಲಿ ಪೆಟ್ಟಿಗೆಯ ವಾಲ್ಯೂಮ್ ಗುಂಡಿ ತಿರುಗಿಸಿ ದನಿ ತಗ್ಗಿಸಿದೆ. ಅದು ತಗ್ಗಿಸಿದ್ದು ತಾಳಮದ್ದಲೆಯನ್ನು, ಮಾವನನ್ನಲ್ಲ. ವಸುಧಾ ಸೌಟು ಹಿಡಿದು ಬಾಗಿಲಿಗೆ ಬಂದು ನನ್ನ ಬಾಯಿಯನ್ನೇ ನೋಡಿದಳು.

"ಕೆಪಾಸಿಟರ್ ಹೇಳಿರೆ ಸುಣ್ಣನಾ?" ಎಂದು ಕೇಳಿದಳು.

ಮಾವ ಸಾಬೂನು ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಹೋದರು. ಅದು ಯಲ್ಲಾಪುರದಲ್ಲಿ ಇಂದಿಗೂ ಚೆನ್ನಾಗಿ ಶಬ್ದ ಮಾಡುತ್ತಿದೆಯಂತೆ. ಇಲ್ಲಿ ವಸುಧಾ ದಿನವೂ ಬೀಟ್‌ರೂಟ್ ಪಲ್ಯ ಮಾಡುತ್ತಿದ್ದಾಳೆ, ನಾನು ಶಬ್ದವಿಲ್ಲದೆ ತಿನ್ನುತ್ತಿದ್ದೇನೆ.